ಸೀಮೆಸುಣ್ಣದ ಗೆರೆಯ ಆ ಬದಿ

ಜೂನ್ ೧೪

ಬೆಣ್ಣೇ,

ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ನಿನಗೆ ತಿರುಗುವ ಕುರ್ಚಿ ಕೊಟ್ಟಿದ್ದಾರಂತೆ. ಕುರ್ಚಿ ತಿರುಗಲಿ, ತಲೆ ತಿರುಗದಿದ್ದರೆ ಸಾಕು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆಯೇ ಅಂದುಬಿಟ್ಟೆ. ಬೇರೆ ಯಾರಾದರೂ ಚಾಡಿ ಹೇಳುವ ಮೊದಲು ನಾನೇ ಒಪ್ಪಿಸಿಬಿಡೋಣ ಅಂತ ಬರೆಯುತ್ತಿದ್ದೇನೆ. ಟೀಚರ್ ಟ್ರೈನಿಂಗಿನ ಹಾಸ್ಟೆಲಿನಲ್ಲಿ, ನನ್ನ ಮಾತು ಕಡ್ಡಿ ಮುರಿದ ಹಾಗಿರುತ್ತದೆಂದು ಕಡ್ಡಿ ಅಂತ ಹೆಸರಿಟ್ಟವಳು ನೀನೇ ತಾನೇ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ನಿನಗೆ ಬೆಣ್ಣೆ ಅಂತ ನಾನಿಟ್ಟೆ. ಮೂವತ್ತಾರು ವರ್ಷವಾಯಿತು. ನಮ್ಮಿಬ್ಬರಿಗೆ ಬೇರೆ ಹೆಸರಿದೆ ಎಂಬುದೇ ಮರೆತುಹೋಗಿದೆ.

ನೀನು ಹೋದ ಮೇಲೆ ನಮ್ಮ ಎರಡು ಕ್ಲಾಸುಗಳ ನಡುವಿನ ಗೋಡೆಯ ಕಿಟಕಿಗೆ ಮುರಿದ ಡೆಸ್ಕುಗಳನ್ನು ಒಟ್ಟಿದ್ದಾರೆ. ಹನ್ನೊಂದು ವರ್ಷ ಆ ಕಿಟಕಿಯಿಂದಲೇ ಅಲ್ಲವೇನೇ ನಾವು ಡಸ್ಟರು, ಹಾಜರಿ ಪುಸ್ತಕ, ತಲೆನೋವಿನ ಮಾತ್ರೆ ಎಲ್ಲ ದಾಟಿಸಿದ್ದು? ಈಗ ಸೀಮೆಸುಣ್ಣ ಮುಗಿದರೆ ಹೆಡ್‌ಮಾಸ್ಟರ ಕೋಣೆಯವರೆಗೆ ನಡೆಯಬೇಕು. ನನ್ನ ಮಂಡಿ ಕೇಳುವುದಿಲ್ಲ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ, ಅಂದರೆ ಇದು ನನ್ನ ಕೊನೆಯ ಐದನೇ ಕ್ಲಾಸು. ಒಂದು ದಿನವೂ ಬಿಡದೆ ಮುಗಿಸಬೇಕೆಂದು ಹಟ ತೊಟ್ಟಿದ್ದೇನೆ.

ನಲವತ್ತೊಂದು ಮಕ್ಕಳು. ಎಲ್ಲವೂ ‘ದಿಸ್ ಪೆನ್ಸಿಲ್ಸ್’ ಎನ್ನುತ್ತವೆ. ಅವುಗಳ ತಪ್ಪೇನೂ ಇಲ್ಲ. ನಮ್ಮ ಮಾತಿನಲ್ಲಿ ಪೆನ್ಸಿಲ್ ಒಂದಿರಲಿ, ನೂರಿರಲಿ, ಮುಂದೆ ‘ಈ’ ಎಂದರೆ ಮುಗಿಯಿತು. ಇಂಗ್ಲಿಷಿನವರಿಗೆ ಒಂದಕ್ಕೊಂದು, ರಾಶಿಗೊಂದು. ಅದಕ್ಕೇ ಸೋಮವಾರವೇ ನೆಲದ ಮೇಲೆ ಸೀಮೆಸುಣ್ಣದಿಂದ ನನ್ನ ಮಾಮೂಲಿ ಗೆರೆ ಎಳೆದು ಈ ಬದಿ, ಆ ಬದಿ ಮಾಡಿದೆ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಮೂಗು ಮುರಿದು ಹೋದರು.

ಮೂಲೆಪುಟ್ಟಿ ನೆನಪಿದೆಯಾ? ಇಸ್ತ್ರಿ ಅಂಗಡಿಯವಳ ಮಗಳು, ಕೊನೆಯ ಬೆಂಚಿನ ಮೂಲೆಯಲ್ಲಿ ಕೂರುತ್ತಾಳಲ್ಲ, ನಾಲ್ಕು ವರ್ಷದಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ತುಟಿ ಬಿಚ್ಚಿದವಳಲ್ಲ. ಗುರುವಾರ ಅವಳ ಒಂದು ಶೂ ಕೇಳಿ ಇಸಕೊಂಡು ನಾನು ಗೆರೆಯ ಆ ಬದಿಗೆ ಹೋಗಿ ನಿಂತು ಎತ್ತಿ ಹಿಡಿದು ‘ವಾಟ್ ಈಸ್ ದಿಸ್?’ ಎಂದೆ. ಅವಳು ನೋಡಿಯೇ ನೋಡಿದಳು. ಆಮೇಲೆ, “ದ್ಯಾಟ್ ಈಸ್ ಮೈ ಶೂ. ಕೊಡಿ ಮಿಸ್, ಕಾಲು ತಣ್ಣಗಾಗ್ತಿದೆ!” ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ಕಣ್ಣು ತುಂಬಿ ಬಂತು ಕಣೇ, ನಾಚಿಕೆ ಬಿಟ್ಟು ಹೇಳುತ್ತೇನೆ. ಅಭ್ಯಾಸದ ಹಾಗೆ ನಿನ್ನನ್ನು ಕರೆಯೋಣವೆಂದು ಕಿಟಕಿಯ ಕಡೆ ತಿರುಗಿದರೆ ಡೆಸ್ಕುಗಳ ಕಾಲು ಕಂಡವು.

ಮುಂದಿನ ತಿಂಗಳು ದೊಡ್ಡ ಸಾಹೇಬರ ಜೊತೆ ತಪಾಸಣೆಗೆ ನೀನೇ ಬರುತ್ತೀಯಂತೆ. ಗೆರೆಯ ಬಗ್ಗೆ ಅವರಿಗೆ ಒಂದು ಒಳ್ಳೆಯ ಮಾತು ಹಾಕು. ನೀನಿದ್ದೀಯೆಂದು ನನಗೆ ಧೈರ್ಯ.

ನಿನ್ನ
ಕಡ್ಡಿ


ಜುಲೈ ೨

ನನ್ನ ಚಿನ್ನದ ಕಡ್ಡೀ,

ಪತ್ರ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನವರು ಏನೆಂದುಕೊಂಡರೋ. ಇಲ್ಲಿ ನಗುವವರೇ ಇಲ್ಲ, ಎಲ್ಲರೂ ಫೈಲಿನ ಹಿಂದೆ ಮುಖ ಇಟ್ಟುಕೊಂಡಿರುತ್ತಾರೆ. ಕುರ್ಚಿ ತಿರುಗುವುದೇನೋ ನಿಜ, ಆದರೆ ಒಂದು ವರ್ಷದ ಮಟ್ಟಿಗೆ ಮಾತ್ರ ಕೊಟ್ಟಿದ್ದಾರೆ. ಖಾಯಂ ಆಗಬೇಕಾದರೆ ಏನಾದರೂ ಮಾಡಿ ತೋರಿಸಬೇಕಂತೆ. ನಿನಗಿಂತ ನಾಲ್ಕು ವರ್ಷ ಚಿಕ್ಕವಳಾಗಿ ಹುಟ್ಟಿದ್ದಕ್ಕೆ ಇನ್ನೂ ನಾಲ್ಕು ವರ್ಷ ಹೆಣಗಾಡಬೇಕು.

ಗೆರೆಯ ವಿಷಯ ಖಂಡಿತ ಹೇಳುತ್ತೇನೆ. ಬಾಯಲ್ಲಿ ಹೇಳಿದರೆ ಸಾಹೇಬರ ತಲೆಗೆ ಹೋಗುವುದಿಲ್ಲ. ನೀನೇ ಒಂದೊಂದೇ ಹೆಜ್ಜೆಯಾಗಿ ಬರೆದು ಕಳಿಸು, ಮುಂಚೆಯೇ ತೋರಿಸಿಟ್ಟಿರುತ್ತೇನೆ. ಮಂಡಿ ಜೋಪಾನ. ಬಿಸಿನೀರಿನ ಶಾಖ ಕೊಡು, ಹಟ ಮಾಡಬೇಡ.

ಪ್ರೀತಿಯಿಂದ
ಬೆಣ್ಣೆ


ಜುಲೈ ೯

ಬೆಣ್ಣೇ,

ಬರೆದು ಅಭ್ಯಾಸವಿಲ್ಲದ್ದನ್ನು ಬರೆಯಿಸುತ್ತಿದ್ದೀಯ. ಈ ಗೆರೆ ಯಾವತ್ತೂ ನನ್ನ ಟಿಪ್ಪಣಿ ಪುಸ್ತಕದಲ್ಲಿರಲಿಲ್ಲ, ಕಾಲಲ್ಲಿತ್ತು.

ಮೊದಲು ಕ್ಲಾಸಿನ ನಡುವೆ ಗೋಡೆಯಿಂದ ಗೋಡೆಗೆ ಗೆರೆ ಎಳೆಯಬೇಕು. ನಾವೇ ಎಳೆಯಬೇಕು, ಮಕ್ಕಳಿಗೆ ಕೊಟ್ಟರೆ ಹಾವಾಗುತ್ತದೆ. ಈ ಬದಿಯಲ್ಲಿ ಒಂದು ವಸ್ತು, ಅದರ ಪಕ್ಕ ಒಂದು ರಾಶಿ. ಆ ಬದಿಯಲ್ಲೂ ಹಾಗೇ. ವಸ್ತು ಮಕ್ಕಳದ್ದೇ ಆಗಿರಬೇಕು: ಶೂ, ಡಬ್ಬಿಯ ಮುಚ್ಚಳ, ಮೊಂಡು ಪೆನ್ಸಿಲು. ಶಾಲೆಯ ಗ್ಲೋಬು ತಂದಿಟ್ಟರೆ ಯಾರಿಗೂ ಅದರ ಮೇಲೆ ಪ್ರೀತಿ ಇರುವುದಿಲ್ಲ. ತನ್ನದನ್ನು ಕೇಳುವಾಗ ಮಗು ಬಾಯಿ ಬಿಡುತ್ತದೆ.

ಆಮೇಲೆ ಮಗುವನ್ನು ಈ ಬದಿ ನಿಲ್ಲಿಸಿ ಇಷ್ಟೇ ಹೇಳಬೇಕು. ಕೈಗೆ ಸಿಗುವುದು ಒಂದಾದರೆ ದಿಸ್, ರಾಶಿಯಾದರೆ ದೀಸ್. ಬೆರಳಿಗೆ ಮಾತ್ರ ಸಿಗುವುದು ಒಂದಾದರೆ ದ್ಯಾಟ್, ರಾಶಿಯಾದರೆ ದೋಸ್. ಒಂದಕ್ಕೆ ದಿಸ್ ಅನ್ನುವಾಗ ಚುಟುಕು, ರಾಶಿಗೆ ದೀಸ್ ಅನ್ನುವಾಗ ದನಿ ಎಳೆಯಬೇಕು. ರಾಶಿಯ ಜೊತೆ ‘ಈಸ್’ ಬರುವುದಿಲ್ಲ, ‘ಆರ್’ ಬರುತ್ತದೆ. ಮಗು ಮುಟ್ಟಿ ಹೇಳಬೇಕು, ಬೆರಳು ಚಾಚಿ ಹೇಳಬೇಕು. ಬೋರ್ಡಿನ ಮೇಲೆ ಒಂದಕ್ಷರ ಬರೆಯಕೂಡದು.

ಕೊನೆಯ ಹೆಜ್ಜೆ ನಿನಗೆ ಬೇರೆ ಬರೆಯಬೇಕೇನೇ? ಹನ್ನೊಂದು ವರ್ಷ ಕಿಟಕಿಯಿಂದ ನೋಡಿದವಳು. ಅದು ಗೊತ್ತಿರುವುದಕ್ಕೇ ತಾನೇ ನಿನ್ನ ಕೈಯಲ್ಲಿ ಕೊಡುತ್ತಿರುವುದು.

ತಪಾಸಣೆ ಇಪ್ಪತ್ತನಾಲ್ಕಕ್ಕೆ ಎಂದು ಸುತ್ತೋಲೆ ಬಂದಿದೆ. ಕಿಟಕಿಯ ಡೆಸ್ಕು ತೆಗೆಸುತ್ತೇನೆ, ನೋಡಿದರೆ ನಿನಗೆ ಖುಷಿಯಾಗಲಿ ಅಂತ.

ನಿನ್ನ
ಕಡ್ಡಿ


ಆಗಸ್ಟ್ ೩

ಬೆಣ್ಣೇ,

ತಪಾಸಣೆಯ ದಿನ ನಿನಗೇನಾಗಿತ್ತು? ಮೈ ಹುಷಾರಿರಲಿಲ್ಲವಾ? ಸಾಹೇಬರ ಪಕ್ಕ ಕೂತು ತಲೆ ತಗ್ಗಿಸಿ ಬರೆಯುತ್ತಲೇ ಇದ್ದೆ. ಮೂಲೆಪುಟ್ಟಿ ‘ದೋಸ್ ಆರ್ ಯುವರ್ ಶೂಸ್’ ಎಂದು ಸಾಹೇಬರ ಕಾಲಿಗೇ ಬೆರಳು ಚಾಚಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ನೀನು ನಗಲಿಲ್ಲ. ಬಿಸ್ಕತ್ತು ತಿಂದು, ಟೀ ಅರ್ಧಕ್ಕೇ ಬಿಟ್ಟು, ಗೇಟಿನವರೆಗೂ ನನ್ನ ಜೊತೆ ಬಾರದೆ ಜೀಪು ಹತ್ತಿದೆ. ಸಾಹೇಬರ ಮುಂದೆ ಸಲಿಗೆ ತೋರಿಸಬಾರದೇನೋ ಅಂತ ನಾನೇ ಸಮಾಧಾನ ಮಾಡಿಕೊಂಡೆ.

ನಿನ್ನೆ ಆದೇಶ ಬಂದಿದೆ. ನನ್ನನ್ನು ಐದನೇ ಕ್ಲಾಸಿನಿಂದ ತೆಗೆದು ಲೈಬ್ರರಿಗೆ ಹಾಕಿದ್ದಾರೆ. ಲೈಬ್ರರಿ ಅಂದರೆ ನಿನಗೆ ಗೊತ್ತಲ್ಲ, ಮೆಟ್ಟಿಲ ಕೆಳಗಿನ ಕೋಣೆ, ಎರಡು ಬೀರು, ಒಂದರ ಬೀಗದಕೈ ಯಾವಾಗಲೋ ಕಳೆದುಹೋಗಿದೆ.

ನಕ್ಕ ಮನುಷ್ಯ ಹೀಗೆ ಯಾಕೆ ಬರೆದ? ನೀನು ಪಕ್ಕದಲ್ಲೇ ಇದ್ದೆ, ನಿನಗೆ ಗೊತ್ತಿರಲೇಬೇಕು. ಸ್ವಲ್ಪ ವಿಚಾರಿಸು. ಕೈ ಮುಗಿದು ಕೇಳುತ್ತೇನೆ, ಇಂಥ ಮಾತು ನನ್ನ ಬಾಯಲ್ಲಿ ಹಿಂದೆ ಯಾವತ್ತಾದರೂ ಕೇಳಿದ್ದೀಯಾ? ಮಾರ್ಚ್‌ವರೆಗೆ ಆ ನಲವತ್ತೊಂದು ಮಕ್ಕಳನ್ನು ನನಗೆ ಬಿಟ್ಟುಕೊಡಲಿ. ಬೇರೇನೂ ಬೇಡ.

ಕಡ್ಡಿ


ಆಗಸ್ಟ್ ೨೧

ಪ್ರೀತಿಯ ಕಡ್ಡಿ,

ತುಂಬ ಬೇಜಾರಾಯಿತು. ನನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಮೇಲಿನವರ ತೀರ್ಮಾನ, ನನ್ನ ಕೈ ಕಟ್ಟಿಹಾಕಿದ ಹಾಗಾಗಿದೆ. ಒಂದು ರೀತಿಯಲ್ಲಿ ನೋಡಿದರೆ ಒಳ್ಳೆಯದೇ ಅಲ್ಲವಾ? ದಿನವಿಡೀ ನಿಲ್ಲುವ ಕಷ್ಟ ತಪ್ಪಿತು. ಕೂತು ಓದು, ಮಂಡಿಗೂ ವಿಶ್ರಾಂತಿ.

ಕೆಲಸ ಬಹಳ. ಪತ್ರ ತಡವಾದರೆ ಬೇಸರ ಮಾಡಿಕೊಳ್ಳಬೇಡ.

ಬೆಣ್ಣೆ


ಸೆಪ್ಟೆಂಬರ್ ೧೮

ಇವತ್ತು ಗುಮಾಸ್ತರು, ನಾನು ಲೈಬ್ರರಿಯ ಬೀರುಗಳನ್ನು ವಹಿಸಿಕೊಂಡದ್ದಕ್ಕೆ ಸಹಿ ಹಾಕಿಸಿಕೊಳ್ಳಲು ನನ್ನ ಫೈಲು ತಂದರು. ಸಹಿ ಎಲ್ಲಿ ಎಂದು ಹುಡುಕುತ್ತಾ ಒಂದು ಹಾಳೆ ಹೆಚ್ಚು ತಿರುವಿಬಿಟ್ಟರು. ತಪಾಸಣೆಯ ವರದಿ. ಕೈಬರಹ. ‘ಕ್ಕ’ ಬರೆಯುವಾಗ ಒತ್ತಿಗೆ ಉದ್ದನೆಯ ಬಾಲ ಎಳೆಯುವವರು ಈ ಇಲಾಖೆಯಲ್ಲಿ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಮೂವತ್ತಾರು ವರ್ಷದಿಂದ ನನಗೆ ಕಾಗದ ಬರೆದವಳು ಒಬ್ಬಳೇ.

ಅಲ್ಲೇ ನಿಂತು ಎರಡು ಸಲ ಓದಿದೆ. ನಿನ್ನ ಮಾತನ್ನೇ ಇಲ್ಲಿ ಇಳಿಸುತ್ತೇನೆ, ಬರೆದವಳಿಗೆ ಮರೆತಿದ್ದರೆ ನೆನಪಾಗಲಿ: “ಸದರಿ ಶಿಕ್ಷಕಿಯು ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ, ಪಾದರಕ್ಷೆಗಳನ್ನು ಇಟ್ಟು ಆಟವಾಡಿಸುವುದು ಕಂಡುಬಂದಿದ್ದು, ಇದರಿಂದ ಶಿಸ್ತು ಕೆಡುತ್ತಿದೆ. ಮಂಡಿ ನೋವಿನ ಕಾರಣ ತಮಗೆ ನಡೆಯಲು ಕಷ್ಟವಾಗುವುದಾಗಿ ಸ್ವತಃ ತಿಳಿಸಿರುತ್ತಾರೆ. ಗ್ರಂಥಾಲಯದ ಕೆಲಸಕ್ಕೆ ನಿಯೋಜಿಸಬಹುದು.”

ಸ್ವತಃ ತಿಳಿಸಿರುತ್ತಾರೆ! ಯಾರಿಗೆ ತಿಳಿಸಿದೆನೇ ನಾನು? ಸಾಹೇಬರಿಗಾ? ಹೆಡ್‌ಮಾಸ್ಟರಿಗಾ? ಹೆತ್ತ ಮಗನಿಗೂ ಹೇಳಿರಲಿಲ್ಲ. ನಿನಗೆ ಮಾತ್ರ ಎಂದು ಬರೆದಿದ್ದೆ. ಅದನ್ನೇ ಎತ್ತಿಕೊಂಡು ಹೋಗಿ ನನ್ನ ಕುತ್ತಿಗೆಗೆ ಇಟ್ಟೆಯಲ್ಲ. ಆಮೇಲೆ ನನಗೇ ‘ಮಂಡಿಗೂ ವಿಶ್ರಾಂತಿ’ ಎಂದು ಬೇರೆ ಬರೆದೆ.

ಇದನ್ನು ಬೇರೆ ಯಾರು ಮಾಡಿದ್ದರೂ ನನಗೆ ಸಿಟ್ಟು ಬರುತ್ತಿತ್ತು, ಬೈದು ಸುಮ್ಮನಾಗುತ್ತಿದ್ದೆ. ನೀನು ಮಾಡಿದ್ದೀಯೆಂದರೆ ಸಿಟ್ಟೂ ಬರುವುದಿಲ್ಲ. ಮನೆಗೆ ಬಂದು ಚಪ್ಪಲಿ ಬಿಡದೆ ಮಂಚದ ಮೇಲೆ ಕೂತವಳು ಕತ್ತಲಾಗುವವರೆಗೂ ಹಾಗೇ ಕೂತಿದ್ದೆ.

ಯಾಕೆ ಎಂದು ಮಾತ್ರ ಹೇಳು. ಏನೇ ಕಾರಣವಿದ್ದರೂ ಹೇಳು. ಸುಳ್ಳು ಹೇಳಬೇಡ.

ಕಡ್ಡಿ


ನವೆಂಬರ್ ೬

ಒಂದೂವರೆ ತಿಂಗಳು ಕಾದೆ. ಪತ್ರ ಸಿಗಲಿಲ್ಲವೆಂದರೆ ಸಿಗಲಿಲ್ಲ ಎಂದಾದರೂ ಬರಿ. ಆ ಸುಳ್ಳನ್ನಾದರೂ ನಂಬುತ್ತೇನೆ.

ಐದನೇ ಕ್ಲಾಸಿಗೆ ಯಾರನ್ನೂ ಹಾಕಿಲ್ಲ. ಹೆಡ್‌ಮಾಸ್ಟರೇ ಹೋಗಿ ಪಾಠ ನಕಲು ಮಾಡಲು ಹೇಳಿ ಬರುತ್ತಾರೆ. ಮಕ್ಕಳು ನೀರು ಕುಡಿಯುವ ನೆಪದಲ್ಲಿ ಮೆಟ್ಟಿಲ ಕೆಳಗೆ ಬಂದು ಇಣುಕುತ್ತವೆ. ಮೊನ್ನೆ ಮೂಲೆಪುಟ್ಟಿ ಬಂದು ಕಪಾಟಿನ ಮೇಲಿನ ಸಾಲಿಗೆ ಬೆರಳು ಚಾಚಿ ‘ದೋಸ್ ಬುಕ್ಸ್, ಮಿಸ್’ ಎಂದಳು. ಏಣಿ ಹತ್ತಿ ತೆಗೆದುಕೊಟ್ಟೆ. ಹೌದು, ಹತ್ತಿದೆ. ಅದನ್ನೂ ವರದಿಯಲ್ಲಿ ಬರೆದುಕೋ.

ಕಡ್ಡಿ


ಜನವರಿ ೧೧

ಇವತ್ತು ಅಂಚೆಯಲ್ಲಿ ಎರಡು ಬಂದವು. ಒಂದು ಸುತ್ತೋಲೆ, ಇಂಗ್ಲಿಷ್ ಶಿಕ್ಷಕರೆಲ್ಲ ಇಪ್ಪತ್ತೇಳಕ್ಕೆ ತರಬೇತಿಗೆ ಕಡ್ಡಾಯವಾಗಿ ಬರಬೇಕು ಎಂದು. ರಿಜಿಸ್ಟರಿನಲ್ಲಿ ನಾನಿನ್ನೂ ಇಂಗ್ಲಿಷ್ ಟೀಚರೇ, ಹಾಗಾಗಿ ನನಗೂ. ಇನ್ನೊಂದು ನೀಲಿ ರಟ್ಟಿನ ಕೈಪಿಡಿ. ಇಪ್ಪತ್ತಮೂರನೇ ಪುಟ ತೆರೆದೆ.

“ವಸ್ತು ಮಕ್ಕಳದ್ದೇ ಆಗಿರಬೇಕು. ತನ್ನದನ್ನು ಕೇಳುವಾಗ ಮಗು ಬಾಯಿ ಬಿಡುತ್ತದೆ.”

ಒಂದಕ್ಷರ ಬದಲಾಯಿಸಿಲ್ಲ ನೀನು. ಗ್ಲೋಬನ್ನೂ ಬಿಟ್ಟಿಲ್ಲ. ಹಾವಾಗುತ್ತದೆ ಎಂದು ತಮಾಷೆಗೆ ಬರೆದದ್ದನ್ನು ಮಾತ್ರ ‘ಗೆರೆ ವಕ್ರವಾಗುವ ಸಂಭವವಿದೆ’ ಎಂದು ತಿದ್ದಿದ್ದೀಯ. ಮೊದಲ ಪುಟದಲ್ಲಿ ‘ಪರಿಕಲ್ಪನೆ ಮತ್ತು ರಚನೆ’ ಎಂದು ನಿನ್ನ ಹೆಸರು, ದಪ್ಪಕ್ಷರದಲ್ಲಿ.

ಯಾಕೆ ಎಂದು ಸೆಪ್ಟೆಂಬರಿನಲ್ಲಿ ಕೇಳಿದ್ದೆ. ಉತ್ತರ ಈಗ ಅಚ್ಚಾಗಿ ಬಂತು. ಗೆರೆ ಎಳೆಯುವವಳು ಕ್ಲಾಸಿನಲ್ಲಿದ್ದರೆ ಗೆರೆ ನಿನ್ನದಾಗುತ್ತಿರಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನಲ್ಲೇ ಮಾರಾಯ್ತಿ! ಹೆಸರು ಕಟ್ಟಿಕೊಂಡು ನನಗೇನಾಗಬೇಕಿತ್ತು, ಎರಡು ತಿಂಗಳಲ್ಲಿ ಮನೆಗೆ ಹೋಗುವವಳಿಗೆ? ಗೆರೆ ನೀನು ಇಟ್ಟುಕೋ, ಮಕ್ಕಳನ್ನು ನನಗೆ ಬಿಡು ಅನ್ನುತ್ತಿದ್ದೆ. ನೀನು ಎರಡನ್ನೂ ತೆಗೆದುಕೊಂಡೆ.

ತರಬೇತಿಗೆ ಬರುತ್ತೇನೆ. ಕಡ್ಡಾಯವಲ್ಲವೇ.

ಕಡ್ಡಿ


ಫೆಬ್ರವರಿ ೨

ಆರು ದಿನ ತಡೆದು ಬರೆಯುತ್ತಿದ್ದೇನೆ. ಅವತ್ತೇ ಬರೆದಿದ್ದರೆ ಕಾಗದ ಹರಿದುಹೋಗುತ್ತಿತ್ತು.

ಸಭಾಂಗಣದ ಕೊನೆಯ ಸಾಲಿನಲ್ಲಿ ನೂರಿಪ್ಪತ್ತು ಜನರ ಹಿಂದೆ ಕೂತಿದ್ದೆ. ಬಾಯಿ ಬಿಡುವ ಯೋಚನೆ ನನಗಿರಲಿಲ್ಲ, ಮಗನಾಣೆ. ನೀನು ವೇದಿಕೆಯ ಮುಂದೆ ಗೆರೆ ಎಳೆದೆ, ಚೆನ್ನಾಗಿಯೇ ಎಳೆದೆ. ಪ್ರದರ್ಶನಕ್ಕೆ ಹತ್ತು ಮಕ್ಕಳು ಬರುತ್ತಾರೆ ಎಂದಾಗಲೂ ಯಾವುದೋ ಶಾಲೆಯ ಮಕ್ಕಳು ಅಂದುಕೊಂಡೆ. ಸಾಲಾಗಿ ಬಂದವು ನನ್ನ ಮಕ್ಕಳು. ಆಟ ಮೊದಲೇ ಬರುವ ಮಕ್ಕಳಾದರೆ ಸಾಹೇಬರ ಮುಂದೆ ಚೆನ್ನಾಗಿ ಕಾಣುತ್ತದೆಂದು ನೀನೇ ಜೀಪು ಕಳಿಸಿ ಕರೆಸಿಕೊಂಡಿದ್ದೆ. ಅದರಲ್ಲಿ ಮೂಲೆಪುಟ್ಟಿ.

ಈ ಬದಿಯದ್ದೆಲ್ಲ ಸಲೀಸಾಗಿ ಹೋಯಿತು. ಆಮೇಲೆ ಮೈಕು ಹಿಡಿದು ಓಡಾಡುತ್ತಾ ಓಡಾಡುತ್ತಾ, ನಿನಗೇ ಗೊತ್ತಿಲ್ಲದೆ ಗೆರೆ ದಾಟಿ ಆ ಬದಿಗೆ ಹೋದೆ. ಪುಟ್ಟಿಯ ಶೂ ಎತ್ತಿ ಹಿಡಿದು ‘ವಾಟ್ ಈಸ್ ದಿಸ್?’ ಎಂದೆ.

“ದ್ಯಾಟ್ ಈಸ್ ಮೈ ಶೂ.”

“ತಪ್ಪು. ನಾನು ದಿಸ್ ಅಂತ ಕೇಳಿದೆ ತಾನೇ? ನೀನೂ ದಿಸ್ ಅನ್ನಬೇಕು.”

ಅವಳು ಶೂ ನೋಡಿದಳು. ನೆಲದ ಮೇಲಿನ ಗೆರೆ ನೋಡಿದಳು. ಆಮೇಲೆ ಅಷ್ಟು ತಲೆಗಳ ನಡುವೆ ನನ್ನನ್ನು ಹುಡುಕಿ ನೋಡಿದಳು. ಒಂದು ಕಾಲಿಗೆ ಬರೀ ಸಾಕ್ಸು.

“ದ್ಯಾಟ್,” ಎಂದಳು, ಮೊದಲಿಗಿಂತ ಮೆಲ್ಲಗೆ.

“ಮತ್ತೆ ತಪ್ಪು! ನಿಮ್ಮ ಕ್ಲಾಸಲ್ಲಿ ಇದನ್ನ ಹೇಳಿಕೊಟ್ಟಿಲ್ವಾ?”

ಜನ ನಕ್ಕರು. ನಾನು ಎದ್ದು ಬಂದೆ. ಈ ಮಂಡಿಯಲ್ಲಿ ಆ ಸಭಾಂಗಣದ ಉದ್ದಕ್ಕೂ ನಡೆದು ಬಂದು ಅವಳ ಪಕ್ಕ ನಿಂತೆ. “ಅವಳು ಸರಿಯಾಗೇ ಹೇಳ್ತಿದಾಳೆ. ಶೂ ನಿಮ್ಮ ಕೈಲಿದೆ, ಅವಳಿಂದ ದೂರ ಇದೆ. ಈ ಕಡೆ ಬಂದು ನಿಂತು ನೋಡಿ,” ಎಂದೆ. ನಿನಗೆ ‘ನೀವು’ ಎಂದೆ, ಗಮನಿಸಿದೆಯಾ? ನಿನ್ನ ಮರ್ಯಾದೆ ಉಳಿಯಲಿ ಎಂದೇ ಅಂದೆ.

“ಯಾರಮ್ಮ ಅದು?” ಎಂದು ಸಾಹೇಬರು ಕೇಳಿದರು. ಒಂದೇ ದಿನ ನೋಡಿದ ಮುಖ, ಮರೆತಿದ್ದರು.

ನೀನು ಒಂದು ಮೊಳ ದೂರದಲ್ಲಿದ್ದೆ. ನಿನ್ನ ಸೀರೆಯ ಪಿನ್ನು ಬಿಚ್ಚಿಕೊಂಡಿದ್ದು ನನಗೆ ಕಾಣುತ್ತಿತ್ತು. ನಮ್ಮ ಶಾಲೆಯಲ್ಲಾಗಿದ್ದರೆ ಮಾತಾಡುತ್ತಲೇ ನಾನೇ ಹಾಕಿಬಿಡುತ್ತಿದ್ದೆ. ನೀನು ನನ್ನ ಮುಖ ನೋಡದೆ ಮೈಕಿನಲ್ಲಿ ಹೇಳಿದೆ:

“ಅವರಾ ಸರ್? ಲೈಬ್ರರಿಯವರು.”

ನೀನು ವರದಿ ಬರೆದೆ, ಅದು ಆಫೀಸಿನ ಭಯ ಎನ್ನೋಣ. ಗೆರೆ ಕದ್ದು ಪುಸ್ತಕ ಮಾಡಿದೆ, ಅದು ಕುರ್ಚಿಯ ಆಸೆ ಎನ್ನೋಣ. ಈ ಒಂದು ಮಾತಿಗೆ ನಿನಗೆ ಏನು ಸಿಕ್ಕಿತು? ನನ್ನ ಸ್ನೇಹಿತೆ ಅನ್ನುವುದು ಬೇಡ, ನಮ್ಮ ಟೀಚರ್ ಎಂದಿದ್ದರೆ ನಿನ್ನದೇನು ಗಂಟು ಹೋಗುತ್ತಿತ್ತು?

ಕೊನೆಯ ಹೆಜ್ಜೆಯನ್ನು ನಾನು ಬರೆದಿರಲಿಲ್ಲ. ನಿನಗೆ ಗೊತ್ತಿದೆ ಎಂದು ಬಿಟ್ಟಿದ್ದೆ. ಜೂನ್ ತಿಂಗಳ ಪತ್ರದಲ್ಲಿ ಆ ಶೂವಿನ ಕತೆ ಪೂರ್ತಿ ಇತ್ತು. ಹನ್ನೊಂದು ವರ್ಷ ಕಿಟಕಿಯಲ್ಲಿ ನಿಂತು ನೀನು ಏನು ನೋಡುತ್ತಿದ್ದೆ?

ನಿನಗೆ ಇದೂ ಗೊತ್ತಿರಲಿ. ಅವತ್ತಿನಿಂದ ಆ ಹುಡುಗಿ ಇಂಗ್ಲಿಷಿನಲ್ಲಿ ಬಾಯಿ ಬಿಟ್ಟಿಲ್ಲ. ಮೆಟ್ಟಿಲ ಕೆಳಗೆ ಬರುತ್ತಾಳೆ, ಪುಸ್ತಕಕ್ಕೆ ಬೆರಳು ಚಾಚುತ್ತಾಳೆ, ಸುಮ್ಮನೆ ನಿಲ್ಲುತ್ತಾಳೆ.

ಕಡ್ಡಿ


ಫೆಬ್ರವರಿ ೨೦

ಕಡ್ಡೀ,

ನೀನು ಇದನ್ನು ಓದದೆ ಹರಿದು ಹಾಕಿದರೂ ನನಗೆ ಅಚ್ಚರಿಯಿಲ್ಲ. ಏನು ಬರೆದರೂ ಅದು ಬೆಣ್ಣೆ ಮಾತೇ ಆಗುತ್ತದೆ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ತಪಾಸಣೆಯಿಂದ ವಾಪಸು ಬರುವಾಗ ಜೀಪಿನಲ್ಲಿ ಸಾಹೇಬರು ದಾರಿಯುದ್ದಕ್ಕೂ ನಿನ್ನನ್ನೇ ಹೊಗಳಿದರು. ನಿನ್ನನ್ನು ಆಫೀಸಿಗೆ ಕರೆಸಿಕೊಂಡು ಕೈಪಿಡಿ ಬರೆಸೋಣ ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ಟ್ರೈನಿಂಗಿನಲ್ಲೂ ನೀನೇ ಮೊದಲು, ಶಾಲೆಯಲ್ಲೂ ಮಕ್ಕಳಿಗೆ ನೀನೇ ಬೇಕು. ಅವಳಿಗೆ ಮಂಡಿ ನೋವು, ಆಗುವುದಿಲ್ಲ ಸರ್ ಎಂದುಬಿಟ್ಟೆ. ಒಂದು ಸಲ ಅಂದದ್ದಕ್ಕೆ ಉಳಿದದ್ದೆಲ್ಲ ಬರೆಯಬೇಕಾಯಿತು. ವರದಿಗೆ ಸಾಹೇಬರು ಓದದೆಯೇ ಸಹಿ ಹಾಕಿದರು, ಗೆರೆಯ ಯೋಚನೆ ನನ್ನದೂ ಹೌದು ಎಂದದ್ದನ್ನೂ ನಂಬಿದರು.

ಈಗ ಎಲ್ಲ ಶಾಲೆಗಳಿಂದಲೂ ಕೇಳುತ್ತಿದ್ದಾರೆ, ಶಿಕ್ಷಕರು ಎಲ್ಲಿ ನಿಲ್ಲಬೇಕು, ಮಕ್ಕಳು ಬೇರೆ ಬೇರೆ ಹೇಳುತ್ತವೆ ಎಂದು. ಎರಡನೇ ಮುದ್ರಣಕ್ಕೆ ಮೊದಲು ತಿದ್ದಬೇಕು. ಕೊನೆಯ ಹೆಜ್ಜೆ ಬರೆದು ಕೊಡು. ಇಬ್ಬರೂ ಸೇರಿ ಮಾಡಿದ್ದು ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ನಿನ್ನ ಹೆಸರನ್ನೂ ಹಾಕಿಸುತ್ತೇನೆ. ಮಾರ್ಚ್ ಒಂದರಿಂದ ಐದನೇ ಕ್ಲಾಸು ವಾಪಸು ಕೊಡಿಸುತ್ತೇನೆ. ಆದೇಶ ಟೈಪಾಗಿ ನನ್ನ ಮೇಜಿನ ಮೇಲಿದೆ.

ಬೆಣ್ಣೆ


ಫೆಬ್ರವರಿ ೨೪

ಕೊನೆಯ ಹೆಜ್ಜೆ: ಮಗುವನ್ನು ಈ ಬದಿಯಲ್ಲೇ ಬಿಟ್ಟು ಟೀಚರು ಗೆರೆ ದಾಟಿ ಆ ಬದಿಗೆ ಹೋಗಬೇಕು. ಮಗುವಿನ ವಸ್ತುವನ್ನು ಕೈಯಲ್ಲಿ ಹಿಡಿದು ಕೇಳಬೇಕು. ಟೀಚರಿಗೆ ದಿಸ್ ಆದದ್ದು ಮಗುವಿಗೆ ದ್ಯಾಟ್. ಇಬ್ಬರದ್ದೂ ಸರಿ. ಮಗು ಬೇರೆ ಮಾತು ಹೇಳಿದರೆ ತಪ್ಪು ಅನ್ನುವ ಮೊದಲು, ಮಗು ನಿಂತ ಕಡೆ ಹೋಗಿ ನಿಂತು ನೋಡಬೇಕು.

ಬೇರೆ ಶಾಲೆಯ ಮಕ್ಕಳು ಸುಮ್ಮಸುಮ್ಮನೆ ಬೈಸಿಕೊಳ್ಳಬಾರದೆಂದು ಕೊಡುತ್ತಿದ್ದೇನೆ. ನಿನಗಾಗಿ ಅಲ್ಲ.

ಇಬ್ಬರೂ ಸೇರಿ ಮಾಡಿದ್ದು ಎಂದು ಬರೆಯಲಾರೆ. ಹೆಸರು ಬೇಡ. ಸುಳ್ಳಿಗೆ ಸಹಿ ಹಾಕಿ ಕ್ಲಾಸಿಗೆ ಹೋದರೆ ಆ ಮಕ್ಕಳ ಮುಖ ನೋಡಲು ನನಗಾಗುವುದಿಲ್ಲ. ಬೇಕು ಅನ್ನಿಸುವುದಿಲ್ಲ ಅಂದುಕೊಳ್ಳಬೇಡ. ಆದೇಶದ ವಿಷಯ ಓದಿದ ಮೇಲೆ ಹೋಗಿ ಐದನೇ ಕ್ಲಾಸಿನ ಬಾಗಿಲಲ್ಲಿ ನಿಂತುಬಂದೆ.

ನನಗೆ ಒಂದೇ ಒಂದು ಮಾಡಿಕೊಡು. ಮಾರ್ಚ್ ಮೂವತ್ತೊಂದರೊಳಗೆ ಒಂದು ದಿನ ಬಂದು ಆ ಹುಡುಗಿಗೆ, ನೀನು ಹೇಳಿದ್ದು ಸರಿ, ನನ್ನದೇ ತಪ್ಪು ಎಂದು ಹೇಳು. ಮೈಕು ಬೇಡ, ಸಾಹೇಬರು ಬೇಡ. ಬರೀ ಅವಳ ಮುಂದೆ. ನಿನ್ನ ಬಾಯಿಂದಲೇ ಬರಬೇಕು. ನಾನು ಹೇಳಿ ನೋಡಿದೆ, ಅವಳು ನಂಬುತ್ತಿಲ್ಲ. ಮಿಸ್ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದಾಳೆ.

ಬಂದರೆ ನಾನು ಎಲ್ಲವನ್ನೂ ಮರೆಯುತ್ತೇನೆ ಎಂದು ಹೇಳುವುದಿಲ್ಲ. ಆದರೆ ನೀನು ಬರುತ್ತೀಯೆಂದು ಈಗಲೂ ನಂಬುತ್ತಿದ್ದೇನೆ, ನೋಡು ನನ್ನ ಬುದ್ಧಿ.

ಕಡ್ಡಿ


ಮಾರ್ಚ್ ೩೧

ಮಾನ್ಯರೇ,

ತಾವು ಕಳಿಸಿದ ಕೈಪಿಡಿಯ ಎರಡನೇ ಮುದ್ರಣದ ಐದು ಪ್ರತಿಗಳು ಇವತ್ತು ಬೆಳಿಗ್ಗೆ ತಲುಪಿವೆ. ದಾಖಲೆಗೆ ಏರಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಕಟ್ಟಿನೊಳಗೆ ಪತ್ರವೇನಾದರೂ ಇದೆಯೇ ಎಂದು ಸುತ್ತಿದ ಕಾಗದವನ್ನೂ ಬಿಡಿಸಿ ನೋಡಿದೆ. ಇರಲಿಲ್ಲ.

ಈ ತಿಂಗಳು ಗೇಟಿನ ಹತ್ತಿರ ಜೀಪಿನ ಸದ್ದಾದಾಗಲೆಲ್ಲ ಎದ್ದು ಹೊರಗೆ ಬಂದಿದ್ದೇನೆ. ಒಂದು ಸಲ ನೀರಿನ ಪೈಪು ರಿಪೇರಿಯವರು, ಒಂದು ಸಲ ಯಾರೋ ದಾರಿ ಕೇಳಿದವರು.

ಮಧ್ಯಾಹ್ನ ಮೂಲೆಪುಟ್ಟಿ ಬಂದಳು. ಬ್ಯಾಗಿನಲ್ಲಿ ಚಿತ್ರ ಬರೆದ ಕಾಗದ ಇತ್ತು, ಇವತ್ತು ನನ್ನ ಕೊನೆಯ ದಿನ ಎಂದು ಯಾರೋ ಹೇಳಿದ್ದರಂತೆ. ಅವಳ ಮುಂದೆ ಇಪ್ಪತ್ತಮೂರನೇ ಪುಟ ತೆರೆದು ಹೊಸದಾಗಿ ಸೇರಿಸಿದ ನಾಲ್ಕು ಸಾಲು ಓದಿಸಿದೆ. ಬೆರಳಿಟ್ಟು ಓದಿದಳು, ಇನ್ನೊಂದು ಸಲ ಓದಿದಳು. ನಾನು ಬಾಯಲ್ಲಿ ಹೇಳಿದ್ದನ್ನು ನಂಬದವಳು ಅಚ್ಚಾದದ್ದನ್ನು ನಂಬಿದಳು.

“ಹಾಗಾದ್ರೆ ನಾನು ಹೇಳಿದ್ದು ಸರಿನಾ ಮಿಸ್?”

“ಸರಿ ಕಣಮ್ಮ. ಅವತ್ತೂ ಸರಿ.”

ನನಗೆ ಸಂತೋಷವಾಯಿತು. ಅದಕ್ಕೆ ತಮ್ಮ ಪುಸ್ತಕಕ್ಕೆ ಕೃತಜ್ಞಳಾಗಿದ್ದೇನೆ, ಪುಸ್ತಕಕ್ಕೆ ಮಾತ್ರ. ಅವಳು ತಾನೇ ಸೀಮೆಸುಣ್ಣ ಹುಡುಕಿ ಮೆಟ್ಟಿಲ ಕೆಳಗೆ, ಬೀರುವಿನಿಂದ ಬಾಗಿಲಿಗೆ ಒಂದು ಗೆರೆ ಎಳೆದಳು. ಹಾವಿನ ಹಾಗಿತ್ತು. ನನ್ನನ್ನು ಆ ಬದಿ ನಿಲ್ಲಿಸಿ, ಈ ಬದಿಯಿಂದ ನನ್ನ ಚಪ್ಪಲಿಗಳನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ‘ವಾಟ್ ಆರ್ ದೀಸ್?’ ಎಂದು ಕೇಳಿದಳು, ಥೇಟ್ ನನ್ನದೇ ದನಿ. ‘ದೋಸ್ ಆರ್ ಮೈ ಚಪ್ಪಲ್ಸ್, ಕೊಡಮ್ಮ’ ಎಂದೆ. ನಕ್ಕಳು.

ಆಮೇಲೆ ಪುಸ್ತಕ ಮುಚ್ಚುವಾಗ ರಟ್ಟಿನ ಹಿಂದೆ ತಮ್ಮ ಫೋಟೋ ನೋಡಿದಳು.

“ಇದು ಅವತ್ತಿನ ಮೇಡಂ ಅಲ್ವಾ? ಇಷ್ಟೆಲ್ಲ ಗೊತ್ತಿದ್ದೂ ನನಗ್ಯಾಕೆ ತಪ್ಪು ಅಂದ್ರು?”

ಅವಳು ಫೋಟೋವನ್ನೂ ನನ್ನನ್ನೂ ನೋಡಿ ಇನ್ನೊಂದು ಕೇಳಿದಳು:

“ಮೊದಲು ನಮ್ಮ ಸ್ಕೂಲಲ್ಲೇ ಇದ್ರಲ್ಲ, ಪಕ್ಕದ ಕ್ಲಾಸಲ್ಲಿ? ಅವರು ನಿಮ್ಮ ಫ್ರೆಂಡಾ ಮಿಸ್?”

“ಅವರಾ?” ಎಂದೆ. “ಆಫೀಸಿನವರು.”

ಅಷ್ಟು ಸಲೀಸಾಗಿ ಬಾಯಿಂದ ಬಂದುಬಿಡುತ್ತದೆಂದು ನನಗೆ ಗೊತ್ತಿರಲಿಲ್ಲ. ತಮಗೆ ಗೊತ್ತಿತ್ತು.

ಇಂತಿ,
ಲೈಬ್ರರಿಯವರು